ಕ್ಯಾನ್ಸರ್ ಮತ್ತು ಮಧುಮೇಹ ಸಂಶೋಧನೆ: ಗ್ರಾಮ ಪಂಚಾಯತ್ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

(ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಗ್ರಾಮ ಪಂಚಾಯತ್ ಸದಸ್ಯರ ಮಾಹಿತಿಗಾಗಿ)

ವೈದ್ಯಕೀಯ ಸಂಶೋಧನೆ ಎಂದೊಡನೆ ಮಹಾನಗರದ ಪ್ರಯೋಗಾಲಯ ಕಣ್ಮುಂದೆ ಬರುವುದು ಸಹಜ. ಆದರೆ ಬಾಯಿಯ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಿದರೆ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಇಂದಿಗೂ ಜಗತ್ತು ಆಧಾರವಾಗಿ ಉಲ್ಲೇಖಿಸುವ ಉತ್ತರ ದೊರೆತದ್ದು ಕೇರಳದ 13 ಪಂಚಾಯತ್‌ಗಳಲ್ಲಿ. ಅಲ್ಲಿ ಬಳಸಿದ ಮುಖ್ಯ ಉಪಕರಣ ತರಬೇತಿ ಪಡೆದ ಕಾರ್ಯಕರ್ತರ ಕಣ್ಣು. ಎಲೆಯಡಿಕೆಯ ಬಳಕೆ ದಿನನಿತ್ಯದ ಭಾಗವಾಗಿರುವ ನಮ್ಮ ಕರಾವಳಿ ತಾಲ್ಲೂಕುಗಳಿಗೆ ಈ ಅಧ್ಯಯನ ನೇರವಾಗಿ ಸಂಬಂಧಿಸಿದೆ.

ಹದಿಮೂರು ಪಂಚಾಯತ್‌ಗಳ ಅಧ್ಯಯನ

ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಸಹಯೋಗದಲ್ಲಿ 1996ರಲ್ಲಿ ಈ ಅಧ್ಯಯನವನ್ನು ಆರಂಭಿಸಿತು. 35 ವರ್ಷ ಮೇಲ್ಪಟ್ಟ 1,91,873 ಜನರು ಇದರ ವ್ಯಾಪ್ತಿಗೆ ಬಂದರು. 13 ಪಂಚಾಯತ್‌ಗಳಲ್ಲಿ 7ನ್ನು ತಪಾಸಣೆಗೂ 6ನ್ನು ಹೋಲಿಕೆಗೂ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ವಿಂಗಡಿಸಲಾಯಿತು. ತಪಾಸಣೆಯ ಗುಂಪಿನಲ್ಲಿ ಕಾರ್ಯಕರ್ತರು ಮನೆಮನೆಗೆ ತೆರಳಿ ಬಾಯಿಯ ಒಳಭಾಗವನ್ನು ಪರೀಕ್ಷಿಸಿ, ಸಂಶಯವಿದ್ದವರನ್ನು ವೈದ್ಯರ ಬಳಿಗೆ ಕಳುಹಿಸಿದರು. ಹೋಲಿಕೆಯ ಗುಂಪಿನವರಿಗೆ ಎಂದಿನ ವೈದ್ಯಕೀಯ ಸೇವೆಯಷ್ಟೇ ದೊರೆಯಿತು.

ಬಿಡಿ ವ್ಯಕ್ತಿಗಳನ್ನು ಆರಿಸದೆ ಇಡೀ ಪಂಚಾಯತನ್ನೇ ಘಟಕವಾಗಿ ಆರಿಸಿದ್ದಕ್ಕೆ ಕಾರಣವಿದೆ. ಒಂದು ಮನೆಯಲ್ಲಿ ತಪಾಸಣೆ ನಡೆಸಿ ಪಕ್ಕದ ಮನೆಯನ್ನು ಬಿಟ್ಟರೆ ಆ ಮನೆಯವರೂ ಎಚ್ಚೆತ್ತು ಆಸ್ಪತ್ರೆಗೆ ಹೋಗುತ್ತಾರೆ. ಆಗ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಯಾದೃಚ್ಛಿಕವಾಗಿ ವಿಂಗಡಿಸಿದ್ದಕ್ಕೂ ಅಂತಹದೇ ಕಾರಣವಿದೆ. ಅನುಕೂಲಸ್ಥ ಊರುಗಳನ್ನೇ ತಪಾಸಣೆಗೆ ಆರಿಸಿದ್ದರೆ, ಬಂದ ಫಲ ತಪಾಸಣೆಯದೋ ಊರಿನ ಅನುಕೂಲದ್ದೋ ಎಂದು ಹೇಳಲಾಗುತ್ತಿರಲಿಲ್ಲ.

ಮೂರು ಸುತ್ತಿನ ತಪಾಸಣೆಯ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಪಾಸಣೆಯಾದ ಪಂಚಾಯತ್‌ಗಳಲ್ಲಿ 205 ಬಾಯಿಯ ಕ್ಯಾನ್ಸರ್ ಪ್ರಕರಣಗಳು ಕಂಡುಬಂದು 77 ಮಂದಿ ಮೃತಪಟ್ಟಿದ್ದರು. ಹೋಲಿಕೆಯ ಪಂಚಾಯತ್‌ಗಳಲ್ಲಿ 158 ಪ್ರಕರಣಗಳು, 87 ಸಾವುಗಳು. ಹುಡುಕಿದಲ್ಲಿ ರೋಗ ಹೆಚ್ಚು ಕಂಡಿತು, ಸಾವು ಕಡಿಮೆಯಾಯಿತು. ರೋಗ ಬೇಗ ಪತ್ತೆಯಾದರೆ, ಪತ್ತೆಯಾದ ದಿನದಿಂದ ಎಣಿಸುವ ಆಯುಷ್ಯ ತಾನಾಗಿಯೇ ಹೆಚ್ಚಾದಂತೆ ತೋರುತ್ತದೆ. ಆದ್ದರಿಂದಲೇ ಸಂಶೋಧಕರು ಕೊನೆಯ ತೀರ್ಮಾನಕ್ಕೆ ಸಾವಿನ ಸಂಖ್ಯೆಯನ್ನು ಆಧಾರವಾಗಿಸುತ್ತಾರೆ.

ಎಲ್ಲರನ್ನೂ ಸೇರಿಸಿ ನೋಡಿದಾಗ ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು. ಆದರೆ ತಂಬಾಕು ಅಥವಾ ಮದ್ಯ ಸೇವಿಸುವವರನ್ನು ಮಾತ್ರ ಪರಿಗಣಿಸಿದಾಗ ಸಾವಿನ ಪ್ರಮಾಣ ಶೇ. 34ರಷ್ಟು ಇಳಿದಿತ್ತು. ತಪಾಸಣೆಯ ಪ್ರಯೋಜನ ಅಪಾಯದ ಅಂಚಿನಲ್ಲಿರುವವರಿಗೆ ಹೆಚ್ಚು. ಮೊದಲು ಅವರನ್ನು ತಲುಪಬೇಕೆಂಬುದು ಇದರ ತಾತ್ಪರ್ಯ.

ಇದೇ ಅಧ್ಯಯನದ ಇನ್ನೊಂದು ಅಂಕಿ ಪಂಚಾಯತ್‌ಗಳ ಗಮನಕ್ಕೆ ಬರಬೇಕು. ಬಾಯಿಯಲ್ಲಿ ಸಂಶಯದ ಲಕ್ಷಣವಿದೆಯೆಂದು ವೈದ್ಯರ ಬಳಿಗೆ ಕಳುಹಿಸಿದ 5,145 ಜನರಲ್ಲಿ ಅಲ್ಲಿಗೆ ಹೋದವರು 3,218 ಮಂದಿ ಮಾತ್ರ. ಉಳಿದ 1,927 ಜನರು ಹೋಗಲೇ ಇಲ್ಲ. ಪತ್ತೆಹಚ್ಚುವುದಕ್ಕೂ ಚಿಕಿತ್ಸೆ ದೊರೆಯುವುದಕ್ಕೂ ನಡುವೆ ಇರುವ ಈ ಅಂತರವನ್ನು ಪ್ರಯೋಗಾಲಯವು ತುಂಬಲಾರದು.

ಕವಳ, ಅಡಿಕೆ ಮತ್ತು ನಮ್ಮ ತಾಲ್ಲೂಕುಗಳು

ಹೊನ್ನಾವರದ ವೀಳ್ಯದೆಲೆ, ಕುಮಟಾದ ಅಡಿಕೆ ಪೇಟೆ, ಭಟ್ಕಳದ ತೋಟಗಳು ಸಾವಿರಾರು ಕುಟುಂಬಗಳ ಜೀವನಾಧಾರ. ಊಟದ ನಂತರದ ಕವಳ ಇಲ್ಲಿಯ ಆತಿಥ್ಯದ ಅಂಗ. ಹೀಗಿರುವಾಗ ಈ ವಿಷಯವನ್ನು ಗ್ರಾಮ ಸಭೆಯಲ್ಲಿ ಎತ್ತುವುದು ಸುಲಭವಲ್ಲ. ಆದರೂ ಸಂಶೋಧನೆ ಹೇಳಿರುವುದನ್ನು ಮರೆಮಾಚುವಂತಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಸೇರಿದ ಕವಳವನ್ನು 1985ರಲ್ಲಿಯೇ ಕ್ಯಾನ್ಸರ್‌ಕಾರಕವೆಂದು ಗುರುತಿಸಿತ್ತು. ತಂಬಾಕಿಲ್ಲದ ಕವಳ ಮತ್ತು ಅಡಿಕೆ ಕೂಡ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆ ಎಂಬ ನಿರ್ಣಯಕ್ಕೆ ಅದು 2003ರಲ್ಲಿ ಬಂದಿತು. ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಪದರ ಬಿರುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ಸ್ಥಿತಿ ಉಂಟಾಗುತ್ತದೆ; ಅದು ಕ್ಯಾನ್ಸರಿಗೆ ತಿರುಗಬಲ್ಲದು.

ಈ ನಿರ್ಣಯ ಜಗಿಯುವ ಅಭ್ಯಾಸಕ್ಕೆ ಸಂಬಂಧಿಸಿದ್ದು. ಅಡಿಕೆ ಬೆಳೆಯುವವರನ್ನು ಅಪರಾಧಿಗಳಂತೆ ಕಾಣಲು ಇದು ಕಾರಣವಾಗಬಾರದು. ತೋಟದ ಬೆಲೆಯ ಮಾತು ಬೇರೆ, ತೋಟದ ಕೆಲಸಗಾರನ ಬಾಯಿಯಲ್ಲಿನ ಹುಣ್ಣಿನ ಮಾತು ಬೇರೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಬಾಯಿ ತೆರೆಯಲು ಬಿಗಿತ: ಇವುಗಳಲ್ಲಿ ಯಾವುದಾದರೂ ಕಂಡುಬಂದರೆ ತಾಲ್ಲೂಕು ಆಸ್ಪತ್ರೆಗೆ ಹೋಗಲೇಬೇಕು.

ಮಧುಮೇಹ: ಹಳ್ಳಿಗಳಿಗೆ ಎಚ್ಚರಿಕೆ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ 2008ರಿಂದ 2020ರವರೆಗೆ ದೇಶವ್ಯಾಪಿ ಸಮೀಕ್ಷೆಯೊಂದು ನಡೆಯಿತು. 2023ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ, 20 ವರ್ಷ ಮೇಲ್ಪಟ್ಟವರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ, ನಗರಗಳಲ್ಲಿ ಶೇ. 16.4, ಗ್ರಾಮಗಳಲ್ಲಿ ಶೇ. 8.9. ಈ ವ್ಯತ್ಯಾಸ ನೋಡಿ ಸಮಾಧಾನಪಡುವಂತಿಲ್ಲ. ಮಧುಮೇಹದ ಹೊಸ್ತಿಲಲ್ಲಿರುವವರ ಪ್ರಮಾಣ ನಗರ, ಗ್ರಾಮಗಳೆರಡರಲ್ಲೂ ಸುಮಾರು ಶೇ. 15.

ಹೊಸ್ತಿಲಿನಿಂದ ಹಿಂದಿರುಗಲು ಸಾಧ್ಯವೇ? ಚೆನ್ನೈಯ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ನೀಡುತ್ತದೆ. ಈ ಸ್ಥಿತಿಯಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿದಾಗ, ವಿಶೇಷ ಸಲಹೆ ಪಡೆಯದ ಗುಂಪಿನಲ್ಲಿ ಶೇ. 55 ಮಂದಿಗೆ ಮಧುಮೇಹ ಬಂದಿತು. ಆಹಾರ ನಿಯಂತ್ರಣ ಮತ್ತು ದಿನಕ್ಕೆ ಅರ್ಧ ಗಂಟೆಯ ಬಿರುಸಿನ ನಡಿಗೆಯ ಸಲಹೆ ಪಡೆದವರಲ್ಲಿ ಅದು ಶೇ. 39.3ಕ್ಕೆ ಇಳಿಯಿತು. ಮಾತ್ರೆ ಪಡೆದವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಫಲ ಕಂಡಿತು.

ಒಪ್ಪಿಗೆ ನೀಡುವವರು ಯಾರು?

ಯಾವುದೇ ಸಂಸ್ಥೆ ಗ್ರಾಮದಲ್ಲಿ ಸಮೀಕ್ಷೆ, ರಕ್ತದ ಮಾದರಿ ಸಂಗ್ರಹ ಅಥವಾ ಔಷಧ ಪರೀಕ್ಷೆ ನಡೆಸಲು ಮುಂದಾದಾಗ ಮೊದಲು ಪಂಚಾಯತ್ ಬಾಗಿಲಿಗೆ ಬರುವುದು ವಾಡಿಕೆ. ಆಗ ಸದಸ್ಯರು ನೆನಪಿಡಬೇಕಾದ ಪ್ರಕರಣವೊಂದಿದೆ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಬಾಲಕಿಯರಿಗೆ ನೀಡುವ ಯೋಜನೆ ಆರಂಭವಾಗಿ, 2010ರಲ್ಲಿ ಸ್ಥಗಿತಗೊಂಡಿತು. ಕೆಲವು ಬಾಲಕಿಯರ ಸಾವಿಗೆ ಲಸಿಕೆ ಕಾರಣವಲ್ಲವೆಂದು ವಿಚಾರಣೆಯಲ್ಲಿ ಕಂಡುಬಂದರೂ, ಒಪ್ಪಿಗೆ ಪಡೆದ ಕ್ರಮ ತೀವ್ರ ಟೀಕೆಗೆ ಗುರಿಯಾಯಿತು. ಅನೇಕ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಗಳ ಬದಲು ವಸತಿನಿಲಯದ ಮೇಲ್ವಿಚಾರಕರು ಸಹಿ ಮಾಡಿದ್ದರು. ಸಂಸತ್ತಿನ ಸ್ಥಾಯಿ ಸಮಿತಿ 2013ರ ವರದಿಯಲ್ಲಿ ಇದನ್ನು ಖಂಡಿಸಿತು. ಉಪಯುಕ್ತ ಲಸಿಕೆಯ ಮೇಲೂ ಜನರ ನಂಬಿಕೆ ಕುಂದಲು ಇಂತಹ ಲೋಪ ಸಾಕು.

ಅಧ್ಯಕ್ಷರ ಅನುಮತಿ ಅಥವಾ ಪಂಚಾಯತ್ ನಿರ್ಣಯ ಗ್ರಾಮಸ್ಥರ ವೈಯಕ್ತಿಕ ಒಪ್ಪಿಗೆಗೆ ಬದಲಿಯಾಗದು. ಬಂದ ತಂಡವನ್ನು ಸದಸ್ಯರು ಈ ಪ್ರಶ್ನೆಗಳನ್ನು ಕೇಳಬೇಕು:

1. ನೈತಿಕತಾ ಸಮಿತಿಯ ಅನುಮೋದನೆ ಇದೆಯೇ? ಚಿಕಿತ್ಸೆಯ ಪರೀಕ್ಷೆಯಾಗಿದ್ದರೆ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ?
2. ಒಪ್ಪಿಗೆ ಪತ್ರ ಜನರಿಗೆ ಅರ್ಥವಾಗುವ ಭಾಷೆಯಲ್ಲಿದೆಯೇ? ಕೊಂಕಣಿ, ನವಾಯತಿ, ಉರ್ದು ಮಾತನಾಡುವ ಮನೆಗಳಲ್ಲಿ ವಿವರಿಸುವವರು ಯಾರು? ಓದಲು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿ ಇರುವರೇ?
3. ಮಧ್ಯದಲ್ಲಿ ಹಿಂದೆ ಸರಿದರೆ ಎಂದಿನ ಚಿಕಿತ್ಸೆಗೆ ತೊಂದರೆಯಿಲ್ಲವೆಂದು ತಿಳಿಸಲಾಗಿದೆಯೇ?
4. ಔಷಧ ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರದ ಹೊಣೆ ಯಾರದು? 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಇದನ್ನು ಕಡ್ಡಾಯಗೊಳಿಸಿವೆ.
5. ತಪಾಸಣೆಯಲ್ಲಿ ರೋಗ ಕಂಡುಬಂದವರನ್ನು ಎಲ್ಲಿಗೆ, ಹೇಗೆ ಕಳುಹಿಸಲಾಗುವುದು?

ಪಂಚಾಯತ್ ಮಾಡಬಹುದಾದ ಕಾರ್ಯ

30 ವರ್ಷ ಮೇಲ್ಪಟ್ಟವರಿಗೆ ಮಧುಮೇಹ, ರಕ್ತದೊತ್ತಡ ಹಾಗೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿಯೇ ಸೇರಿದೆ. ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಅಪಾಯದ ಅಂಕ ಗುರುತಿಸುತ್ತಾರೆ. ಇದನ್ನು ಬಲಪಡಿಸಲು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಸಭೆಯಲ್ಲಿ ಕೆಳಗಿನ ವಿಷಯಗಳನ್ನು ಕಾರ್ಯಸೂಚಿಗೆ ಸೇರಿಸಬಹುದು.

ಮೊದಲನೆಯದಾಗಿ, ಶಿಬಿರದ ಸಮಯ. ನಸುಕಿನಲ್ಲೇ ದೋಣಿ ಹತ್ತುವ ಮೀನುಗಾರರು, ತೋಟದ ಕೂಲಿಕಾರರು ಹಗಲಿನ ಶಿಬಿರಕ್ಕೆ ಬರಲಾರರು. ಬಂದರು ಪ್ರದೇಶಗಳಲ್ಲಿ ಮೀನುಗಾರಿಕೆ ನಿಷೇಧದ ದಿನಗಳು ಇದಕ್ಕೆ ಸೂಕ್ತ. ತೋಟದ ಊರುಗಳಲ್ಲಿ ಕೊಯ್ಲಿನ ಭರಾಟೆ ಇಲ್ಲದ ವಾರವನ್ನು ಆರಿಸಬೇಕು. ಎರಡನೆಯದಾಗಿ, ಕವಳ, ತಂಬಾಕು, ಮದ್ಯ ಬಳಸುವವರಿಗೆ ಬಾಯಿಯ ತಪಾಸಣೆಯಲ್ಲಿ ಆದ್ಯತೆ ನೀಡಬೇಕು. ಮೂರನೆಯದಾಗಿ, ಮುಂದಿನ ಪರೀಕ್ಷೆಗೆ ಕಳುಹಿಸಿದವರಲ್ಲಿ ಎಷ್ಟು ಮಂದಿ ಆಸ್ಪತ್ರೆ ತಲುಪಿದರೆಂಬ ಸಂಖ್ಯೆಯನ್ನು ಪ್ರತಿ ತಿಂಗಳು ಕೇಳಬೇಕು. ಹೆಸರು, ರೋಗದ ವಿವರ ಸಭೆಯಲ್ಲಿ ಬಹಿರಂಗವಾಗಬಾರದು, ಸಂಖ್ಯೆಯಷ್ಟೇ ಸಾಕು. ನಾಲ್ಕನೆಯದಾಗಿ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಕ್ಯಾನ್ಸರ್ ಚಿಕಿತ್ಸೆಗೂ ನೆರವಿರುವುದರಿಂದ, ಕಾರ್ಡ್ ಇಲ್ಲದ ಕುಟುಂಬಗಳಿಗೆ ರೋಗ ಬರುವ ಮೊದಲೇ ಅದನ್ನು ಮಾಡಿಸಿಕೊಡಬೇಕು.

ಕ್ಯಾನ್ಸರಿನ ಉನ್ನತ ಚಿಕಿತ್ಸೆಗಾಗಿ ನಮ್ಮ ಜನರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾಗಿದೆ. ದೂರ, ಬಸ್ಸಿನ ಖರ್ಚು, ಕಳೆದುಹೋಗುವ ಕೂಲಿ, ಜೊತೆಗೆ ಬರುವವರ ಕೊರತೆ: ಇವೆಲ್ಲವೂ ಸೇರಿಯೇ ಒಬ್ಬ ರೋಗಿ ಹೊರಡಲು ಹಿಂಜರಿಯುತ್ತಾನೆ. ಕೇರಳದ ಅಧ್ಯಯನದಲ್ಲಿ ವೈದ್ಯರನ್ನು ತಲುಪದ 1,927 ಜನರಂತಹವರು ನಮ್ಮ ವಾರ್ಡುಗಳಲ್ಲಿಯೂ ಇರುತ್ತಾರೆ. ಅವರ ಮನೆ ಎಲ್ಲಿದೆ, ಅವರನ್ನು ತಡೆಯುತ್ತಿರುವುದೇನು ಎಂಬುದು ವಾರ್ಡಿನ ಸದಸ್ಯರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ. ಮುಂದಿನ ಸಮಿತಿ ಸಭೆಗೆ ಮುನ್ನ ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯೊಡನೆ ಈ ಕುರಿತು ಒಮ್ಮೆ ಚರ್ಚಿಸುವುದು ಸೂಕ್ತ.