ವೈ-ಫೈ ಬೇರೆ, ಅಂತರಜಾಲ ಬೇರೆ

1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮವು ಅಂತರಜಾಲ ಸೇವೆಯನ್ನು ಸಾರ್ವಜನಿಕರಿಗೆ ತೆರೆದಾಗ, ಅದು ಮೊದಲು ದೊರೆತದ್ದು ಮುಂಬಯಿ, ದೆಹಲಿ, ಕಲ್ಕತ್ತೆ, ಮದರಾಸು ನಗರಗಳಲ್ಲಿ. ಅಂದು ಟೆಲಿಫೋನ್ ತಂತಿಯ ಮೂಲಕ ಬರುತ್ತಿದ್ದ ಆ ಅಪರೂಪದ ಸೌಕರ್ಯ ಇಂದು ನೀರು, ವಿದ್ಯುತ್ತುಗಳ ಸಾಲಿಗೆ ಸೇರಿದೆ. ಊರಿನಲ್ಲಿರುವ ಬಂಧುಗಳ ಮುಖದರ್ಶನ, ಬ್ಯಾಂಕಿನ ವ್ಯವಹಾರ, ಇ-ಸಂಜೀವನಿಯಂಥ ಸೇವೆಗಳಿಂದ ವೈದ್ಯರ ಸಲಹೆ, ಇವೆಲ್ಲಕ್ಕೂ ಅದೇ ಆಧಾರ. ಹೀಗಿದ್ದರೂ ಸಂಪರ್ಕ ಕಡಿದುಹೋದಾಗ, ಮಕ್ಕಳು ಕೆಲಸದಿಂದ ಮರಳುವವರೆಗೂ ಹಿರಿಯರು ಕೈಕಟ್ಟಿ ಕುಳಿತಿರುವುದು ಅನೇಕ ಮನೆಗಳಲ್ಲಿ ಕಾಣುವ ಸಂಗತಿ. ಕೆಲವೇ ಪದಗಳ ಪರಿಚಯವಿದ್ದಲ್ಲಿ ಈ ಪರಾವಲಂಬನೆ ಬಹುಮಟ್ಟಿಗೆ ತಪ್ಪುತ್ತದೆ.

ಎರಡು ಹಾದಿಗಳು

ನಗರಸಭೆಯ ಕೊಳಾಯಿಯಿಂದ ಕಟ್ಟಡದ ತೊಟ್ಟಿಗೆ ನೀರು ಬರುವುದು ಒಂದು ವ್ಯವಸ್ಥೆ. ತೊಟ್ಟಿಯಿಂದ ಮನೆಯ ನಲ್ಲಿಗಳಿಗೆ ಹರಿಯುವುದು ಇನ್ನೊಂದು. ಅಂತರಜಾಲವೂ ಹಾಗೆಯೇ. ಹೊರಗಿನಿಂದ ಮನೆಯವರೆಗೆ ಅದನ್ನು ತರುವುದು ಕಂಪೆನಿಯ ಲೈನು. ಈಗ ಬಹುಪಾಲು ಇದು ಕೂದಲೆಳೆಯಷ್ಟು ಸಪೂರವಾದ ಗಾಜಿನ ತಂತು, ಅಂದರೆ ಫೈಬರ್. ಅದರಲ್ಲಿ ಬರುವ ಬೆಳಕಿನ ಸಂಕೇತಗಳನ್ನು ವಿದ್ಯುತ್ ಸಂಕೇತಗಳನ್ನಾಗಿ ಮಾರ್ಪಡಿಸುವ ಪೆಟ್ಟಿಗೆಯೇ ಒ.ಎನ್.ಟಿ.; ವಾಡಿಕೆಯಲ್ಲಿ ಮೋಡೆಮ್. ಬಂದದ್ದನ್ನು ಮನೆಯ ಉಪಕರಣಗಳಿಗೆ ಹಂಚುವುದು ರೂಟರ್. ಇವೆರಡೂ ಒಂದೇ ಪೆಟ್ಟಿಗೆಯಲ್ಲಿರುವುದುಂಟು. ರೂಟರಿನಿಂದ ಫೋನಿಗೆ ತಂತಿಯಿಲ್ಲದೆ ರೇಡಿಯೋ ಅಲೆಗಳ ಮೂಲಕ ಹೋಗುವ ಹಾದಿಯೇ ವೈ-ಫೈ. ಆದುದರಿಂದ ವೈ-ಫೈ ಇದ್ದೂ ಅಂತರಜಾಲ ಇಲ್ಲದಿರುವುದು ಸಾಧ್ಯ.

ಹೆಸರು, ಬ್ಯಾಂಡ್, ವೇಗ

ಫೋನಿನ ಪಟ್ಟಿಯಲ್ಲಿ ಕಾಣುವ ಸಂಪರ್ಕದ ಹೆಸರಿಗೆ ಎಸ್.ಎಸ್.ಐ.ಡಿ. ಎನ್ನುತ್ತಾರೆ. ಕೆಲವೆಡೆ ಒಂದೇ ಮನೆಯದು ಎರಡು ಹೆಸರುಗಳಲ್ಲಿ ಕಾಣುತ್ತದೆ. 2.4 ಗಿಗಾಹರ್ಟ್ಸ್ ಬ್ಯಾಂಡಿನದು ಗೋಡೆಗಳನ್ನು ದಾಟಿ ಹೆಚ್ಚು ದೂರ ತಲಪುತ್ತದೆ. 5 ಗಿಗಾಹರ್ಟ್ಸಿನದು ಹೆಚ್ಚು ವೇಗವುಳ್ಳದ್ದು, ಆದರೆ ಗೋಡೆಗಳೆದುರು ಬೇಗ ಸೋಲುತ್ತದೆ. ಈ ಹೆಸರಿನ ಕೊನೆಯಲ್ಲಿರುವ ‘5ಜಿ’ಗೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ. ವೇಗವನ್ನು ಅಳೆಯುವ ಎಂ.ಬಿ.ಪಿ.ಎಸ್.ನಲ್ಲಿ ಲೆಕ್ಕ ಬಿಟ್‌ಗಳದು. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ, 100 ಎಂ.ಬಿ.ಪಿ.ಎಸ್. ಸಂಪರ್ಕದಲ್ಲಿ ಸೆಕೆಂಡಿಗೆ ಬರುವುದು ಹೆಚ್ಚೆಂದರೆ 12.5 ಮೆಗಾಬೈಟ್.

ಪಾಸ್‌ವರ್ಡ್ ಮನೆಯ ಬೀಗದ ಕೈಯಿದ್ದಂತೆ. ಸುಲಭವಾಗಿ ಊಹಿಸಬಹುದಾದ ಪದವನ್ನಿಡುವುದಾಗಲಿ, ಸಿಕ್ಕವರಿಗೆಲ್ಲ ತಿಳಿಸುವುದಾಗಲಿ ಉಚಿತವಲ್ಲ.

ದೋಷ ಎಲ್ಲಿದೆ?

ಸಂಪರ್ಕ ನಿಂತಾಗ ಮೊದಲು ಫೋನನ್ನು ನೋಡಿರಿ. ಬೀಸಣಿಗೆಯಾಕಾರದ ವೈ-ಫೈ ಗುರುತು ಇದ್ದು, ಅದರ ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಕಂಡರೆ ರೂಟರಿನವರೆಗೆ ಹಾದಿ ಸರಿಯಿದೆ, ಅದರಿಂದಾಚೆಗೆ ತೊಡಕಿದೆ ಎಂದರ್ಥ. ಗುರುತೇ ಇಲ್ಲದಿದ್ದರೆ ಫೋನಿನಲ್ಲಿ ವೈ-ಫೈ ಆರಿದೆಯೇ, ರೂಟರಿಗೆ ವಿದ್ಯುತ್ತು ಇದೆಯೇ ಎಂದು ಪರೀಕ್ಷಿಸಬೇಕು. ಪೆಟ್ಟಿಗೆಯ ಮೇಲೆ ‘ಲಾಸ್’ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಫೈಬರಿನ ಮೂಲಕ ಬೆಳಕು ಬರುತ್ತಿಲ್ಲ. ಕಂಪೆನಿಗೆ ದೂರು ಕೊಡುವುದೇ ದಾರಿ. ಉಳಿದಂತೆ ಸ್ವಿಚ್ಚನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ, ಐದು ನಿಮಿಷ ಕಾದು ನೋಡಬಹುದು. ಪೆಟ್ಟಿಗೆಯ ಹಿಂಬದಿಯ ಸಣ್ಣ ರಂಧ್ರದಲ್ಲಿರುವ ‘ರೀಸೆಟ್’ ಗುಂಡಿಯನ್ನು ಮಾತ್ರ ಒತ್ತಕೂಡದು. ಅದು ಒಳಗಿನ ಏರ್ಪಾಡನ್ನೆಲ್ಲ ಅಳಿಸಿಬಿಡುತ್ತದೆ.

ಇನ್ನೊಂದು ಮುಖ್ಯ ವಿಷಯ. ಹಿಂದಿನ ತಾಮ್ರದ ತಂತಿಯ ಟೆಲಿಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿದ್ದುದರಿಂದ ಮನೆಯ ದೀಪ ಆರಿದರೂ ಅದು ಮಾತನಾಡುತ್ತಿತ್ತು. ಫೈಬರ್ ಸಂಪರ್ಕದ ಟೆಲಿಫೋನು ಹಾಗಲ್ಲ. ಬ್ಯಾಟರಿಯ ಆಸರೆಯಿಲ್ಲದಿದ್ದರೆ ವಿದ್ಯುತ್ತು ಹೋದೊಡನೆ ಅದೂ ಮೂಕವಾಗುತ್ತದೆ. ಹೃದ್ರೋಗಿಗಳು, ವೃದ್ಧರು ಇರುವ ಮನೆಯಲ್ಲಿ ಚಾರ್ಜಾದ ಒಂದು ಮೊಬೈಲು ಸದಾ ಸಿದ್ಧವಿರಲಿ. ತುರ್ತು ಕರೆಯ ಸಂಖ್ಯೆ 112 ನೆನಪಿರಲಿ. ವೈದ್ಯರ ದೂರವಾಣಿ, ಅಂತರಜಾಲ ಕಂಪೆನಿಯ ದೂರು ಸಂಖ್ಯೆ, ನಿಮ್ಮ ಗ್ರಾಹಕ ಸಂಖ್ಯೆ, ಈ ಮೂರನ್ನೂ ದಪ್ಪಕ್ಷರಗಳಲ್ಲಿ ಬರೆದು ಗೋಡೆಗೆ ತೂಗುಹಾಕುವುದು ಲೇಸು.