ವಿಮಾನ ದುರಂತದಲ್ಲಿ ಕಳೆದುಹೋದ ತಂಡ: ನೆನಪು ಕಾಯುತ್ತಿರುವುದು ಅಭಿಮಾನಿಗಳ ಪುಟ್ಟ ಮ್ಯೂಸಿಯಂ

ಇಟಲಿಯ ಟುರಿನ್ ನಗರಕ್ಕೆ ಹೋಗುವ ಫುಟ್ಬಾಲ್ ಪ್ರಿಯರಲ್ಲಿ ಹೆಚ್ಚಿನವರು ಯುವೆಂಟಸ್ ಕ್ಲಬ್ಬಿನ ಮ್ಯೂಸಿಯಂ ನೋಡಿ ಬರುತ್ತಾರೆ. 2012ರಲ್ಲಿ ಸ್ಟೇಡಿಯಂನಲ್ಲೇ ತೆರೆದ ಈ ಮ್ಯೂಸಿಯಂನಲ್ಲಿ ದೊಡ್ಡ ಪರದೆಗಳು, ಸಾಲು ಸಾಲು ಟ್ರೋಫಿಗಳು ಎಲ್ಲವೂ ಇವೆ. ಆದರೆ ಅದೇ ಊರಿನ ಇನ್ನೊಂದು ಕ್ಲಬ್ ಟೊರಿನೊದ ಕಥೆ ತಿಳಿಯಬೇಕೆಂದರೆ ನಗರಕ್ಕೆ ಅಂಟಿಕೊಂಡಂತಿರುವ ಗ್ರುಲ್ಯಾಸ್ಕೊ ಎಂಬ ಸಣ್ಣ ಪಟ್ಟಣಕ್ಕೆ ಹೋಗಬೇಕು. ಅಲ್ಲಿನ 'ವಿಲ್ಲಾ ಕ್ಲಾರೆಟಾ ಅಸಾಂದ್ರಿ' ಎಂಬ ಹಳೆಯ ಬಂಗಲೆಯಲ್ಲಿ 2008ರ ಮೇ 4ರಂದು 'ಗ್ರಾಂಡೆ ಟೊರಿನೊ' ಮ್ಯೂಸಿಯಂ ತೆರೆಯಿತು.

ಇದನ್ನು ನಡೆಸುವವರು ಸಂಬಳದ ನೌಕರರಲ್ಲ, ಕ್ಲಬ್ಬಿನ ಅಭಿಮಾನಿಗಳು. ವಾರಾಂತ್ಯದಲ್ಲಿ ಬಾಗಿಲು ತೆರೆದು, ಬಂದವರನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು ಕಥೆ ಹೇಳುವವರೂ ಅವರೇ.

ಉದ್ಘಾಟನೆಗೆ ಮೇ 4ನ್ನೇ ಆರಿಸಿದ್ದೇಕೆ? 1949ರ ಅದೇ ದಿನ ಟೊರಿನೊ ತಂಡ ಇಲ್ಲವಾಯಿತು.

ಆ ತಂಡದ ಮಟ್ಟ ಹೇಗಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1947ರ ಮೇ 11ರಂದು ಹಂಗೇರಿ ವಿರುದ್ಧ ಆಡಿದ ಇಟಲಿ ರಾಷ್ಟ್ರೀಯ ತಂಡದ 11 ಮಂದಿಯಲ್ಲಿ 10 ಮಂದಿ ಟೊರಿನೊ ಆಟಗಾರರೇ ಆಗಿದ್ದರು. ಗೋಲ್‌ಕೀಪರ್ ಮಾತ್ರ ಯುವೆಂಟಸ್‌ನವರು! 1947-48ರ ಲೀಗ್‌ನಲ್ಲಿ ಟೊರಿನೊ 40 ಪಂದ್ಯಗಳಲ್ಲಿ 125 ಗೋಲು ಹೊಡೆದಿತ್ತು. ಅಲೆಸ್ಸಾಂಡ್ರಿಯಾ ತಂಡವನ್ನು 10-0 ಅಂತರದಿಂದ ಸೋಲಿಸಿದ್ದೂ ಅದೇ ಋತುವಿನಲ್ಲಿ. ನಾಯಕ ವಲೆಂಟಿನೊ ಮಜೋಲಾ ಜೆರ್ಸಿಯ ತೋಳು ಮಡಚಿದರೆ ಎದುರಾಳಿಗಳ ಕಥೆ ಮುಗಿಯಿತೆಂದೇ ಲೆಕ್ಕ ಎಂದು ಟುರಿನ್‌ನ ಹಿರಿಯರು ಹೇಳುತ್ತಿದ್ದರು.

1949ರ ಮೇ 3ರಂದು ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಬೆನ್‌ಫಿಕಾ ವಿರುದ್ಧ ಒಂದು ಸೌಹಾರ್ದ ಪಂದ್ಯ ನಡೆಯಿತು. ಮರುದಿನ ತಂಡ ಹಿಂತಿರುಗುತ್ತಿದ್ದಾಗ ಟುರಿನ್ ಮೇಲೆ ದಟ್ಟ ಮಂಜು ಕವಿದಿತ್ತು. ಸಂಜೆ 5 ಗಂಟೆ ದಾಟಿದ ಸ್ವಲ್ಪವೇ ಹೊತ್ತಿಗೆ ವಿಮಾನ ನಗರದ ಪಕ್ಕದ ಸೂಪರ್ಗಾ ಬೆಟ್ಟದ ಮೇಲಿನ ಚರ್ಚ್‌ನ ಹಿಂಭಾಗದ ಗೋಡೆಗೆ ಅಪ್ಪಳಿಸಿತು. ಅದರಲ್ಲಿದ್ದ 31 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ 18 ಮಂದಿ ಆಟಗಾರರು. ಶವಗಳನ್ನು ಗುರುತಿಸಿದ್ದು ಇಟಲಿಗೆ ಎರಡು ವಿಶ್ವಕಪ್ ಗೆದ್ದುಕೊಟ್ಟಿದ್ದ ಕೋಚ್ ವಿಟ್ಟೋರಿಯೊ ಪೊಜೊ. ಮೊಣಕಾಲಿನ ಗಾಯದಿಂದಾಗಿ ಲಿಸ್ಬನ್‌ಗೆ ಹೋಗದೆ ಉಳಿದಿದ್ದ ಸೌರೊ ಟೊಮಾ 2018ರವರೆಗೆ ಬದುಕಿದ್ದರು.

ಮ್ಯೂಸಿಯಂನಲ್ಲಿ ಆ ವಿಮಾನದ ಒಂದು ಪ್ರೊಪೆಲ್ಲರ್ ಇದೆ, ಒಂದು ಚಕ್ರವಿದೆ, ಹರಿದುಹೋದ ಲೋಹದ ತುಂಡುಗಳಿವೆ. ಮಜೋಲಾ, ಡಿಫೆಂಡರ್ ವಿರ್ಜಿಲಿಯೊ ಮರೋಸೊ ಮತ್ತು ತಂಡದ ತಾಂತ್ರಿಕ ನಿರ್ದೇಶಕ ಎರ್ನೊ ಎಗ್ರಿ ಎರ್ಬ್‌ಸ್ಟೈನ್ ಅವರ ಪ್ರಯಾಣದ ಬ್ಯಾಗುಗಳೂ ಇಲ್ಲಿವೆ. ಟ್ರೋಫಿ ಕಂಡರೆ ಗೆಲುವು ನೆನಪಾಗುತ್ತದೆ, ಬ್ಯಾಗು ಕಂಡಾಗ ಅದನ್ನು ಹೊತ್ತಿದ್ದ ಮನುಷ್ಯ ನೆನಪಾಗುತ್ತಾನೆ. ಎರ್ಬ್‌ಸ್ಟೈನ್ ಕಥೆಯನ್ನೇ ನೋಡಿ. ಹಂಗೇರಿಯ ಯಹೂದಿಯಾದ ಅವರು ಮುಸೊಲಿನಿ ಸರ್ಕಾರದ ಜನಾಂಗೀಯ ಕಾನೂನಿನಿಂದಾಗಿ ಇಟಲಿ ಬಿಡಬೇಕಾಯಿತು. ಯುದ್ಧದ ಕಾಲದಲ್ಲಿ ಹಂಗೇರಿಯ ಬಲವಂತದ ದುಡಿಮೆಯ ಶಿಬಿರದಿಂದ ತಪ್ಪಿಸಿಕೊಂಡು ಬದುಕುಳಿದು, ಶಾಂತಿ ಬಂದ ಮೇಲೆ ಮತ್ತೆ ಟೊರಿನೊಗೆ ಬಂದರು. ಇಷ್ಟೆಲ್ಲ ದಾಟಿ ಬಂದವರನ್ನು ಕೊನೆಗೆ ಬಲಿ ಪಡೆದದ್ದು ಆ ಬೆಟ್ಟದ ಮಂಜು.

ಲೀಗ್‌ನಲ್ಲಿ ಇನ್ನೂ ನಾಲ್ಕು ಪಂದ್ಯ ಬಾಕಿಯಿದ್ದವು. ಟೊರಿನೊ ತನ್ನ ಕಿರಿಯರ ತಂಡವನ್ನು ಮೈದಾನಕ್ಕಿಳಿಸಿತು. ಎದುರಾಳಿ ಕ್ಲಬ್ಬುಗಳೂ ತಮ್ಮ ಹಿರಿಯರನ್ನು ಬದಿಗಿಟ್ಟು ಕಿರಿಯರನ್ನೇ ಆಡಿಸಿದವು. ನಾಲ್ಕನ್ನೂ ಗೆದ್ದ ಟೊರಿನೊ ಸತತ ನಾಲ್ಕನೇ ಬಾರಿ ಚಾಂಪಿಯನ್ ಆಯಿತು. ಯುದ್ಧದಿಂದ ಲೀಗ್ ನಿಲ್ಲುವ ಮೊದಲು 1943ರಲ್ಲಿ ಗೆದ್ದದ್ದನ್ನೂ ಸೇರಿಸಿದರೆ ಐದು. ಮುಂದಿನ ಪ್ರಶಸ್ತಿಗೆ 1976ರವರೆಗೆ ಕಾಯಬೇಕಾಯಿತು.

ದುರಂತದ ನೆರಳು ರಾಷ್ಟ್ರೀಯ ತಂಡದ ಮೇಲೂ ಬಿತ್ತು. 1950ರ ವಿಶ್ವಕಪ್‌ಗಾಗಿ ಇಟಲಿ ಆಟಗಾರರು ಬ್ರೆಜಿಲ್‌ಗೆ ವಿಮಾನದಲ್ಲಿ ಹೋಗದೆ ಹಡಗು ಹತ್ತಿದರು. ಅಂದಹಾಗೆ, ಆ ವಿಶ್ವಕಪ್‌ನಲ್ಲಿ ಇಟಲಿಯ ಗುಂಪಿನಲ್ಲೇ ಭಾರತಕ್ಕೂ ಜಾಗ ಸಿಕ್ಕಿತ್ತು ಎಂಬುದು ಹಲವರಿಗೆ ತಿಳಿದಿಲ್ಲ. ಭಾರತ ಹಿಂದೆ ಸರಿಯಿತು. ಇಟಲಿ ಸ್ವೀಡನ್‌ಗೆ 2-3ರಿಂದ ಸೋತು ಬೇಗನೆ ಹೊರಬಿತ್ತು.

ಇಷ್ಟು ದೊಡ್ಡ ಇತಿಹಾಸ ಊರಾಚೆಯ ಬಂಗಲೆಗೆ ಬಂದು ನಿಂತದ್ದೇಕೆ? ಈ ತಂಡದ ಮನೆ ಟುರಿನ್‌ನ ಫಿಲಾಡೆಲ್ಫಿಯಾ ಸ್ಟೇಡಿಯಂ. 1926ರಲ್ಲಿ ತೆರೆದ ಆ ಮೈದಾನದಲ್ಲಿ ಮಜೋಲಾ ಬಳಗ ವರ್ಷಗಟ್ಟಲೆ ಸೋಲನ್ನೇ ಕಾಣಲಿಲ್ಲ. ಕ್ಲಬ್ ಬೇರೆ ಸ್ಟೇಡಿಯಂಗೆ ಹೋದ ಮೇಲೆ ಅದು ಪಾಳುಬಿದ್ದಿತು. 1997ರಲ್ಲಿ ಕೆಡವಲಾಯಿತು. ನಂತರ ಸುಮಾರು 18 ವರ್ಷ ಅಲ್ಲಿ ಹುಲ್ಲು ಮತ್ತು ಮುರಿದ ಗೋಡೆಗಳಷ್ಟೇ ಇದ್ದವು. ದೇಶವೇ ಹೆಮ್ಮೆಪಡುತ್ತಿದ್ದ ತಂಡದ ಮೈದಾನವನ್ನು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ಟೊರಿನೊ ಅಭಿಮಾನಿಗಳಿಗೆ ಇಂದಿಗೂ ನೋವಿನ ವಿಷಯ. ಹೀಗಾಗಿ ಹಳೆಯ ಜೆರ್ಸಿ, ಪತ್ರ, ಫೋಟೊ, ಸ್ಟೇಡಿಯಂನ ಅವಶೇಷ ಎಂದು ಸಿಕ್ಕಿದ್ದನ್ನೆಲ್ಲ ಕೂಡಿಡುವ ಕೆಲಸ ಅವರ ಮೇಲೇ ಬಿತ್ತು. 2002ರಲ್ಲಿ ಸೂಪರ್ಗಾದಲ್ಲಿ ಶುರುವಾದ ಮ್ಯೂಸಿಯಂ ಆಮೇಲೆ ಗ್ರುಲ್ಯಾಸ್ಕೊಗೆ ಸ್ಥಳಾಂತರವಾಯಿತು.

ಫಿಲಾಡೆಲ್ಫಿಯಾ ಈಗ ಮತ್ತೆ ಎದ್ದಿದೆ. 2017ರ ಮೇ 25ರಂದು ಅದು ಟೊರಿನೊದ ಅಭ್ಯಾಸ ಮೈದಾನವಾಗಿ ತೆರೆಯಿತು. ಮರುನಿರ್ಮಾಣದ ಯೋಜನೆಯಲ್ಲಿ ಮ್ಯೂಸಿಯಂಗೂ ಜಾಗ ಗುರುತಿಸಲಾಗಿತ್ತು. ಈ ವಸ್ತುಗಳು ತಮ್ಮ ಮೂಲ ಮನೆಗೆ ಮರಳಬೇಕೆಂಬುದು ಅಭಿಮಾನಿಗಳ ಬಹುದಿನದ ಆಸೆ. ನೋಡಲು ಹೋಗುವವರು ತೆರೆದಿರುವ ದಿನ, ಸಮಯವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಸಮಯವಿದ್ದರೆ ಸೂಪರ್ಗಾ ಬೆಟ್ಟಕ್ಕೂ ಹೋಗಿ. ಪ್ರವಾಸಿಗರು ಚರ್ಚ್‌ನ ಮುಂಭಾಗದಲ್ಲಿ ಫೋಟೊ ತೆಗೆಸಿಕೊಂಡು ಹಿಂತಿರುಗುತ್ತಾರೆ. ತಂಡದ ಸ್ಮಾರಕ ಇರುವುದು ಅಲ್ಲಲ್ಲ, ಕಟ್ಟಡವನ್ನು ಸುತ್ತಿಕೊಂಡು ಹಿಂದಕ್ಕೆ ಹೋದರೆ ವಿಮಾನ ಬಡಿದ ಗೋಡೆಯ ಬಳಿ. ಪ್ರತಿ ವರ್ಷ ಮೇ 4ರಂದು ಟೊರಿನೊ ತಂಡ ಅಲ್ಲಿಗೆ ಬರುತ್ತದೆ. ಆಗಿನ ನಾಯಕ, ಅಂದು ಸತ್ತವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾನೆ.