ಆ್ಯಪ್‌ನಲ್ಲಿ ಊರಿನ ಹೆಸರು ಅರ್ಧಕ್ಕೇ ಕಟ್ ಆಗುತ್ತಿದೆಯೇ? ಟೆಕ್ಸ್ಟ್ ಬಾಕ್ಸ್‌ನ ‘ಪ್ಯಾಡಿಂಗ್’ ಲೆಕ್ಕ ಇಲ್ಲಿದೆ

ತ್ರ್ಯಂಬಕೇಶ್ವರ ಮತ್ತು ಘೃಷ್ಣೇಶ್ವರ ಜ್ಯೋತಿರ್ಲಿಂಗಗಳ ದರ್ಶನಕ್ಕೆ ಹೊರಡುವ ಕನ್ನಡಿಗರು ಮೊಬೈಲ್‌ನಲ್ಲಿ ಬಸ್, ರೂಮ್ ಹುಡುಕುವಾಗ ಎರಡು ಊರುಗಳ ಹೆಸರು ಹಾಕುತ್ತಾರೆ: ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ. ಇಂಗ್ಲಿಷ್‌ನಲ್ಲಿ ನಾಸಿಕ್‌ಗೆ 6 ಅಕ್ಷರ ಸಾಕು. ಇನ್ನೊಂದು ಊರು ಔರಂಗಾಬಾದ್ ಆಗಿದ್ದಾಗ 10 ಅಕ್ಷರವಿತ್ತು. 2023ರ ಫೆಬ್ರವರಿಯಲ್ಲಿ ಹೊಸ ಹೆಸರಿಗೆ ಕೇಂದ್ರದ ಒಪ್ಪಿಗೆ ಸಿಕ್ಕ ಬಳಿಕ, ನಡುವಿನ ಖಾಲಿ ಜಾಗವೂ ಸೇರಿ ಅದು 25 ಆಗಿದೆ. ಹಳೆಯ ಅಳತೆಯ ಬಾಕ್ಸ್‌ನಲ್ಲಿ ಹೊಸ ಹೆಸರು ಹಿಡಿಸುವುದಿಲ್ಲ.

ಏನಿದು ಪ್ಯಾಡಿಂಗ್?

ಬಾಕ್ಸ್‌ನ ಅಂಚಿಗೂ ಒಳಗಿನ ಅಕ್ಷರಕ್ಕೂ ನಡುವೆ ಬಿಡುವ ಜಾಗವೇ ಪ್ಯಾಡಿಂಗ್. ಬಾಕ್ಸ್‌ನ ಹೊರಗೆ ಬಿಡುವುದು ಮಾರ್ಜಿನ್. ಆಂಡ್ರಾಯ್ಡ್‌ನಲ್ಲಿ ಇವನ್ನು ‘ಡಿಪಿ’ ಎಂಬ ಅಳತೆಯಲ್ಲಿ ಹೇಳುತ್ತಾರೆ.

ಅಡ್ಡಗಲದ ಲೆಕ್ಕ

360 ಡಿಪಿ ಅಗಲದ ಫೋನ್‌ನಲ್ಲಿ ‘ಎಲ್ಲಿಂದ’, ‘ಎಲ್ಲಿಗೆ’ ಬಾಕ್ಸ್‌ಗಳು ಅಕ್ಕಪಕ್ಕ ಇವೆ ಎಂದುಕೊಳ್ಳಿ. ಮಾರ್ಜಿನ್ ಮತ್ತು ನಡುವಿನ ಜಾಗ ಕಳೆದರೆ ಒಂದಕ್ಕೆ ಸುಮಾರು 160 ಡಿಪಿ ಸಿಗುತ್ತದೆ. ಎರಡೂ ಬದಿಗೆ 16ರಂತೆ ಪ್ಯಾಡಿಂಗ್ ಬಿಟ್ಟರೆ ಉಳಿಯುವುದು 128. ಅಕ್ಷರಕ್ಕೆ ಸರಾಸರಿ 8 ಡಿಪಿ ಹಿಡಿದರೆ 16 ಅಕ್ಷರಕ್ಕಷ್ಟೇ ಜಾಗ. ಕಣ್ಣಿಗೆ ಕಷ್ಟವೆಂದು ಹಿರಿಯರು ಅಕ್ಷರದ ಗಾತ್ರವನ್ನು 1.3 ಪಟ್ಟು ಮಾಡಿಕೊಂಡಿದ್ದರೆ ಸುಮಾರು 12 ಅಕ್ಷರ, ಅಂದರೆ ‘ಛತ್ರಪತಿ’ ಮಾತ್ರ ಕಾಣುತ್ತದೆ. ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಕೂಡ ಹಾಗೆಯೇ ಶುರುವಾಗುತ್ತದೆ. ಆರಿಸಿದ್ದು ಯಾವುದೆಂದು ತಿಳಿಯುವುದು ಹೇಗೆ?

ಪ್ಯಾಡಿಂಗ್ ಅರ್ಧಕ್ಕಿಳಿಸಿದರೂ ಸಿಗುವುದು ಎರಡೇ ಅಕ್ಷರದ ಜಾಗ. ಅಕ್ಷರಗಳು ಅಂಚಿಗೆ ಅಂಟಿಕೊಂಡು ಓದಲು ಇನ್ನಷ್ಟು ಕಷ್ಟ. ಬಾಕ್ಸ್‌ಗಳನ್ನು ಒಂದರ ಕೆಳಗೊಂದು ಇಟ್ಟರೆ 296 ಡಿಪಿ ಸಿಗುತ್ತದೆ. ದೊಡ್ಡ ಅಕ್ಷರದಲ್ಲೂ ಪೂರ್ತಿ ಹೆಸರು ಕಾಣುತ್ತದೆ.

ಒತ್ತಕ್ಷರಕ್ಕೂ ಜಾಗ ಬೇಕು

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಮೇಲೆ-ಕೆಳಗಿನ ಪ್ಯಾಡಿಂಗ್ ಇನ್ನೂ ಮುಖ್ಯ. ‘ತ್ರ’ದ ಒತ್ತು ಸಾಲಿನಿಂದ ಕೆಳಕ್ಕೆ ಇಳಿಯುತ್ತದೆ. ಬಾಕ್ಸ್‌ನ ಎತ್ತರವನ್ನು 40 ಡಿಪಿಗೆ ಕಟ್ಟಿಹಾಕಿ, ಮೇಲೆ-ಕೆಳಗೆ 12ರಂತೆ ಬಿಟ್ಟರೆ ಅಕ್ಷರಕ್ಕೆ ಉಳಿಯುವುದು 16 ಮಾತ್ರ. ಆಗ ಒತ್ತು ಕತ್ತರಿಸಿಹೋಗಿ ‘ಛತ್ರಪತಿ’ಯು ‘ಛತಪತಿ’ಯಂತೆ ಕಾಣಬಹುದು. ಎತ್ತರವನ್ನು ಕಟ್ಟಿಹಾಕದೆ, ಕನಿಷ್ಠ 48 ಡಿಪಿ ಎಂದಿಟ್ಟು ಬೆಳೆಯಲು ಬಿಡುವುದೇ ಸರಿ. ಬೆರಳಿನಿಂದ ಒತ್ತುವ ಜಾಗಕ್ಕೆ ಗೂಗಲ್ ಸೂಚಿಸುವ ಅಳತೆಯೂ ಇದೇ.

ಡೆವಲಪರ್‌ಗಳು ಎಲ್ಲಿ ಬದಲಿಸಬೇಕು?

* ಆಂಡ್ರಾಯ್ಡ್: ಎಡಿಟ್‌ಟೆಕ್ಸ್ಟ್‌ನಲ್ಲಿ ನಾಲ್ಕೂ ಬದಿಗೆ ಬೇರೆ ಬೇರೆ ಪ್ಯಾಡಿಂಗ್ ಕೊಡಬಹುದು.
* ಫ್ಲಟರ್: ಇನ್‌ಪುಟ್‌ಡೆಕೋರೇಷನ್ ಒಳಗಿನ ಕಂಟೆಂಟ್‌ಪ್ಯಾಡಿಂಗ್.
* ಐಫೋನ್: ಯುಐಟೆಕ್ಸ್ಟ್‌ಫೀಲ್ಡ್‌ಗೆ ನೇರ ಸೆಟ್ಟಿಂಗ್ ಇಲ್ಲ. ಟೆಕ್ಸ್ಟ್‌ರೆಕ್ಟ್, ಎಡಿಟಿಂಗ್‌ರೆಕ್ಟ್ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಬಾಕ್ಸ್ ಮುಟ್ಟಿದಾಗ ಅಕ್ಷರ ಜಿಗಿಯುತ್ತದೆ.

ನೀವೇನು ಮಾಡಬಹುದು?

ಹೆಸರು ಪೂರ್ತಿ ಕಾಣದಿದ್ದರೆ ಫೋನ್ ಅಡ್ಡ ಹಿಡಿದು ನೋಡಿ, ಇಲ್ಲವೇ ಅಕ್ಷರದ ಗಾತ್ರವನ್ನು ಸ್ವಲ್ಪ ಹೊತ್ತು ಇಳಿಸಿ. ಹಣ ಕಟ್ಟುವ ಮುನ್ನ ಊರಿನ ಪೂರ್ತಿ ಹೆಸರನ್ನು ಒಮ್ಮೆ ಓದಿಕೊಳ್ಳಲು ಮರೆಯಬೇಡಿ.